ಏಳನೆಯ ದಿನದ ಬೆಳಕು

ಇನ್ನೂರ ಹನ್ನೊಂದನೆಯ ದಿನವೂ ಆ ಜಾಗ ಖಾಲಿಯಾಗಿಯೇ ಇತ್ತು.

ಮಧ್ಯಾಹ್ನ ಎರಡು ನಲವತ್ತಕ್ಕೆ ಚಿತ್ರ ಬಂದು ಪರದೆಯ ಮೇಲೆ ಬಿಚ್ಚಿಕೊಂಡಿತು. ನೀಲಗಂಗಾ ಹಂಚಿನಮನಿ ಕನ್ನಡಕ ಹಣೆಗೇರಿಸಿ, ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ದು, ಎಡಗಡೆಯ ಮಸುಕು ಚುಕ್ಕೆಯೊಂದನ್ನು ನೋಡಿದಳು. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇತ್ತು. ದಿನಚರಿಯಲ್ಲಿ 'ಇಲ್ಲ' ಎಂದು ಬರೆದು ಸಹಿ ಮಾಡಿದಳು.

"ಮೇಡಂ, ಚಹಾ ತರಸಲೇನ್ರಿ?" ಎಂದು ಜಾಕೀರ್ ನದಾಫ್ ಕೇಳಿದ. ಅವನು ನಿಯಂತ್ರಣ ಕೇಂದ್ರದ ಮುಖ್ಯಸ್ಥ. ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ದಿನವೂ ಈ ಹೊತ್ತಿಗೆ ಅದನ್ನೇ ಕೇಳುತ್ತಿದ್ದ, ಬೇರೇನನ್ನೂ ಕೇಳುತ್ತಿರಲಿಲ್ಲ.

ಧಾರವಾಡದ ಕೆಲಗೇರಿ ಕೆರೆಯ ಮೇಲಿನ ದಿಬ್ಬದಲ್ಲಿ ಆ ಕೇಂದ್ರ. ಅಲ್ಲಿಂದ ನಡೆಸುವ 'ಚಿತ್ತಾ' ದೂರದರ್ಶಕ ಮಾತ್ರ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ತೇಲುತ್ತಿತ್ತು. ಅದಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅದು ಹಳೆಯದಾಗಿ, ಇಂಧನ ಕೊನೆಗೆ ಬಂದಿತ್ತು. ಉಳಿದ ಕಾಲದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷವನ್ನು ಜಾಕೀರ್ ಈ ಒಂದು ಚುಕ್ಕೆಗಾಗಿ ತೆಗೆದಿಟ್ಟಿದ್ದ.

ಆ ಚುಕ್ಕೆ ಒಂದು ಗೆಲಾಕ್ಸಿ. ಅದಕ್ಕೆ ಹದಿನಾಲ್ಕು ಅಂಕಿಗಳ ಹೆಸರಿತ್ತು. ಕೇಂದ್ರದವರು ಮಾತ್ರ ಮೊದಲಿನಿಂದಲೂ 'ತಣ್ಣನ ಒಲಿ', ಆರಿದ ಒಲೆ, ಎನ್ನುತ್ತಿದ್ದರು. ದೊಡ್ಡ ಗೆಲಾಕ್ಸಿಯೊಂದರ ಸುತ್ತ ಇಪ್ಪತ್ತು ಮೂವತ್ತು ಚಿಕ್ಕವು ಸುತ್ತುವ ಗುಂಪಿನಲ್ಲಿ ಇದೂ ಒಂದು ಅನುಚರ. ನಕ್ಷತ್ರ ಹುಟ್ಟಬೇಕಾದರೆ ತಣ್ಣನೆಯ ಅನಿಲ ಬೇಕು. ಗುಂಪಿನ ನಡುವೆ ತುಂಬಿರುವುದು ಕಾದ ಅನಿಲ, ತೀರ ತೆಳುವಾದದ್ದು. ಚಿಕ್ಕ ಗೆಲಾಕ್ಸಿ ಅದರೊಳಗೆ ಹಾದುಹೋಗುವಾಗ ಎದುರುಗಾಳಿ ಬೀಸಿದಂತಾಗಿ, ಅದರ ಮೈಮೇಲಿನ ಅನಿಲ ಮೊರದಿಂದ ಹೊಟ್ಟು ಹಾರಿದ ಹಾಗೆ ಹಿಂದಕ್ಕೆ ಹಾರಿಹೋಗುತ್ತದೆ. ಹೊರಗಿನಿಂದ ಹೊಸದು ಬರುವ ದಾರಿಯೂ ಮುಚ್ಚುತ್ತದೆ. ಆಮೇಲೆ ಅಲ್ಲಿ ಹಳೆಯ, ಕೆಂಪಗಿನ ನಕ್ಷತ್ರಗಳು ಉರಿಯುತ್ತಿರುತ್ತವೆ, ಹೊಸದೊಂದೂ ಹುಟ್ಟುವುದಿಲ್ಲ.

ಈ ಕಥೆಯನ್ನು ಲೆಕ್ಕದಲ್ಲಿ ಹಿಡಿದು ಜಗತ್ತಿಗೆ ಒಪ್ಪಿಸಿದವರಲ್ಲಿ ನೀಲಗಂಗಾ ಒಬ್ಬಳು. ಗುಂಪಿಗೆ ಸೇರಿದ ಇಂತಿಷ್ಟು ಕಾಲಕ್ಕೆ ಅನುಚರನ ಒಲೆ ಪೂರ್ತಿ ಆರಲೇಬೇಕು ಎಂಬ ಸೂತ್ರ ಅವಳದು. ತಣ್ಣನ ಒಲಿ ಆ ಸೂತ್ರದ ದೊಡ್ಡ ಉದಾಹರಣೆಯಾಗಿತ್ತು. ಪಠ್ಯಪುಸ್ತಕಗಳಲ್ಲಿ ಅದರ ಚಿತ್ರವಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮನುಷ್ಯ ಅದರಲ್ಲಿ ಕಿಡಿ ಕಂಡಿದ್ದ.

ಅವನ ಹೆಸರು ಫಕೀರೇಶ ಕಮ್ಮಾರ. ಚಿತ್ತಾದ ಡಿಟೆಕ್ಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ಅವನಿಗೂ ನೀಲಗಂಗಾಳಿಗೂ ಮದುವೆಯಾಗಲಿದೆ ಎಂದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು. ಜಾತಿ ಬೇರೆ ಎಂದು ಎರಡೂ ಮನೆಗಳು ಆರು ವರ್ಷ ಮುಖ ತಿರುಗಿಸಿದ್ದವು. ಕೊನೆಗೆ ಅವಳ ತಾಯಿಯೇ ಸೋತು, "ಯುಗಾದಿ ಆಗಲಿ, ಮದುವಿ ದಿನಾ ತಗಸೋಣು" ಎಂದಿದ್ದರು. ಆಗ ಅವಳಿಗೆ ಮೂವತ್ತೈದು.

ಒಂದು ಮಧ್ಯಾಹ್ನ ಅವನು ಮೆಟ್ಟಿಲನ್ನು ಎರಡೆರಡು ಹತ್ತಿ ಅವಳ ಕೋಣೆಗೆ ಬಂದ. "ಗಂಗಾ, ನಿನ್ನ ಒಲ್ಯಾಗ ಕಿಡಿ ಐತಿ, ಬಂದು ನೋಡ. ಸೂಪರ್‌ನೋವಾ ಇದ್ದಂಗ ಐತಿ."

ಅವಳು ನಕ್ಕಳು. "ಹೋದ ತಿಂಗಳ ನಿನ್ನ ಮೂರನೇ ಡಿಟೆಕ್ಟರ್‌ದಾಗ ಇಂಥಾ ನೂರು ಕಿಡಿ ಬಂದಿದ್ದೂವಲ್ಲ?"

"ಅವು ಕೆಟ್ಟ ಪಿಕ್ಸೆಲ್. ಎಲ್ಲಾ ಸರಿ ಮಾಡೇನಿ. ಇದು ದಿನಾ ಒಂದs ಜಾಗಾದಾಗ ಐತಿ, ದಿನದಿಂದ ದಿನಕ್ಕ ಏರಾಕತ್ತೈತಿ."

ಮಾತು ಸಣ್ಣದಲ್ಲ. ನಕ್ಷತ್ರ ಸಿಡಿಯುವುದಕ್ಕೆ ಎರಡು ಬಗೆ. ಮುದಿ ನಕ್ಷತ್ರದ ಉಳಿಕೆ ಸಿಡಿದರೆ ಆ ಬೆಳಕು ಕೆಲವು ವಾರ ಏರಿ, ಹಾಗೆಯೇ ಇಳಿದುಬಿಡುತ್ತದೆ. ಅಂಥದ್ದು ತಣ್ಣಗಾದ ಗೆಲಾಕ್ಸಿಯಲ್ಲೂ ಆದೀತು. ಭಾರೀ ಎಳೆಯ ನಕ್ಷತ್ರ ಸಿಡಿದರೆ ಮಾತ್ರ ಬೆಳಕು ಬೇಗ ಏರಿ, ಒಂದು ಮಟ್ಟದಲ್ಲಿ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಅಂಥ ನಕ್ಷತ್ರದ ಆಯುಷ್ಯ ತೀರ ಕಡಿಮೆ. ಅದು ಅಲ್ಲಿ ಸಾಯುತ್ತಿದೆ ಎಂದರೆ ಮೊನ್ನೆ ಮೊನ್ನೆಯವರೆಗೂ ಅಲ್ಲಿ ಹುಟ್ಟು ಇತ್ತು ಎಂದರ್ಥ. ಒಲೆ ಆರಿರಲಿಲ್ಲ ಎಂದರ್ಥ.

ಅವಳ ದೊಡ್ಡ ಪ್ರಬಂಧ ಆ ವಾರವೇ ಒಪ್ಪಿಗೆಗೆ ಕೂತಿತ್ತು. ಪರಿಶೀಲನಾ ಸಮಿತಿ ಮೂರನೆಯ ಡಿಟೆಕ್ಟರ್ ಬಗ್ಗೆ ಅವಳ ಅಭಿಪ್ರಾಯ ಕೇಳಿತು. ಅವಳು ಎರಡು ಸಾಲು ಬರೆದಳು: 'ಕಂಡಿರುವುದು ಉಪಕರಣದ ದೋಷ. ಮೂರನೆಯ ಡಿಟೆಕ್ಟರ್ ಮೇಲೆ ವಿಶ್ವಾಸ ಇಡುವಂತಿಲ್ಲ.' ಬರೆಯುವ ಮುಂಚೆ ಅವನು ಕಳಿಸಿದ ಆರು ಚಿತ್ರಗಳಲ್ಲಿ ಮೊದಲನೆಯದನ್ನು ಮಾತ್ರ ತೆರೆದಿದ್ದಳು.

ಡಿಟೆಕ್ಟರ್ ಆರಿಸಿದರು. ಅದರ ಚಿತ್ರಗಳನ್ನೆಲ್ಲ ಅಳಿಸಿದರು. ದೂರದರ್ಶಕ ಆಕಾಶದ ಬೇರೆ ಭಾಗಕ್ಕೆ ತಿರುಗಿತು. ವರ್ಷ ಕಳೆದು ಮತ್ತೆ ಅತ್ತ ನೋಡುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ.

ಫಕೀರೇಶ ಜಗಳ ಮಾಡಲಿಲ್ಲ. ರಾಜೀನಾಮೆ ಕೊಟ್ಟ ದಿನ ಅವಳ ಬಾಗಿಲಲ್ಲಿ ನಿಂತು, "ನಂದು ತಪ್ಪು ಅಂದಿದ್ದಕ್ಕಲ್ಲ ಗಂಗಾ. ನೀ ಒಂದs ಒಂದ ಸಲ ಇಳದು ಬಂದು ನೋಡಿದ್ದರ ಸಾಕಿತ್ತು," ಎಂದ. ಯುಗಾದಿ ಬಂತು, ಹೋಯಿತು. ದಿನ ತೆಗೆಸುವ ಮಾತನ್ನು ಯಾರೂ ಎತ್ತಲಿಲ್ಲ.

ಎಂಟು ವರ್ಷದ ಮೇಲೆ, ಬೇರೆ ಯಾವುದೋ ಕೆಲಸದ ನಡುವೆ, ನೀಲಗಂಗಾಳಿಗೆ ಇನ್ನೊಂದು ಸಂಗತಿ ಹೊಳೆಯಿತು. ತಣ್ಣನ ಒಲಿಗೂ ನಮಗೂ ನಡುವೆ ಗೆಲಾಕ್ಸಿಗಳ ಭಾರೀ ರಾಶಿಯೊಂದಿದೆ. ಅದರ ತೂಕಕ್ಕೆ ಹಿಂದಿನ ಬೆಳಕು ಬಾಗುತ್ತದೆ. ಬಾಗಿ, ನೀರಿನ ನಡುವಿನ ಬಂಡೆಯನ್ನು ಸುತ್ತಿ ಹರಿದ ಹಾಗೆ, ಬೇರೆ ಬೇರೆ ದಾರಿಯಲ್ಲಿ ನಮ್ಮನ್ನು ಮುಟ್ಟುತ್ತದೆ. ಹಾಗಾಗಿ ಒಂದೇ ಗೆಲಾಕ್ಸಿ ಆಕಾಶದ ಎರಡು ಕಡೆ ಕಾಣುತ್ತದೆ. ಅಷ್ಟನ್ನು ಎಲ್ಲರೂ ಬಲ್ಲರು. ಅವಳು ಕೂಡಿ ಕಳೆದು ನೋಡಿದಾಗ, ಎರಡನೆಯ ದಾರಿ ಮೊದಲನೆಯದಕ್ಕಿಂತ ಉದ್ದ ಎಂದು ತಿಳಿಯಿತು. ಒಂದೇ ದಿನ ಹೊರಟ ಬೆಳಕು ಆ ದಾರಿಯಲ್ಲಿ ಇಪ್ಪತ್ತೆರಡು ವರ್ಷ ತಡವಾಗಿ ಬರುತ್ತದೆ. ಆರು ತಿಂಗಳು ಹಿಂದೆ ಮುಂದೆ ಆದೀತು.

ಅಂದರೆ, ಅವನು ಕಂಡ ಕಿಡಿ ನಿಜವಾಗಿದ್ದರೆ ಅದೇ ಕಿಡಿ ಇನ್ನೊಮ್ಮೆ ಬರುತ್ತದೆ. ದೋಷವಾಗಿದ್ದರೆ ಬರುವುದಿಲ್ಲ.

ಮರುವರ್ಷ ಲೆಕ್ಕವನ್ನು ಪ್ರಕಟಿಸಿದಳು. ಒಂದು ಪ್ರತಿಯನ್ನು ಫಕೀರೇಶನಿಗೂ ಕಳಿಸಿದಳು. ಉತ್ತರ ಬರಲಿಲ್ಲ.

ಈಗ ಆ ಕಾಲ ಬಂದು, ಅರ್ಧಕ್ಕಿಂತ ಹೆಚ್ಚು ಕಳೆದೂ ಇತ್ತು. ದಿನವೂ ಅವಳು ನೋಡುತ್ತಿದ್ದ ಎಡಗಡೆಯ ಚುಕ್ಕೆ ಆ ಎರಡನೆಯ ದಾರಿಯಲ್ಲಿ ಬಂದ ಚಿತ್ರ.

ಮಾಳಮಡ್ಡಿಯ ಮನೆಯಲ್ಲಿ ಅವಳ ಜೊತೆ ಇದ್ದವಳು ಸೋದರತ್ತೆ ಬಾಳವ್ವ. ಎಪ್ಪತ್ತೊಂಬತ್ತು ವರ್ಷ, ಚೂಪು ಕಿವಿ, ಅದಕ್ಕಿಂತ ಚೂಪು ನಾಲಗೆ. ಅವತ್ತು ನೀಲಗಂಗಾ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಅಡುಗೆಮನೆಯಿಂದ ಕೂಗಿದಳು.

"ಬಂತೇನ ನಿನ್ನ ಬೆಳಕು?"

"ಇಲ್ಲತ್ತಿ."

ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ. ಅದು ಬಂತಂದ್ರ ಏನ ಮಾಡತಿ?"

"ನಾ ಬರದಿದ್ದು ತಪ್ಪು ಅಂತ ಬರೀತೀನಿ."

"ಬರಲಿಲ್ಲಂದ್ರ?"

ನೀಲಗಂಗಾ ಚೀಲವನ್ನು ಗೂಟಕ್ಕೆ ತೂಗುಹಾಕಿದಳು. ಬರದಿದ್ದರೆ ಅವಳು ಬರೆದದ್ದು ಸರಿಯಾಗುತ್ತಿತ್ತು. ತನ್ನ ಸೂತ್ರ ಸುಳ್ಳಾಗಲಿ ಎಂದು ದಿನವೂ ಹಂಬಲಿಸುವ ವಿಜ್ಞಾನಿ ಬೇರೆ ಯಾರಿದ್ದಾರು?

"ನೋಡವ್ವಾ," ಎಂದಳು ಬಾಳವ್ವ, "ನೀ ನೋಡದs ಬರದಿ. ಆ ತಪ್ಪಿಗೆ ಮುಗಲಾಗಿನ ಕಿಡಿ ಯಾಕ ಬೇಕು? ಫಕೀರೇಶ ಇರೂ ಡೋಣಿಗೆ ದಿನಾ ಬಸ್ ಐತಿ."

ಅದು ಅವಳಿಗೆ ಹೊಳೆದೇ ಇರಲಿಲ್ಲ ಎಂದೇನಲ್ಲ. ಇಪ್ಪತ್ತೆರಡು ವರ್ಷ ಧೈರ್ಯ ಬಂದಿರಲಿಲ್ಲ. ಆ ಭಾನುವಾರ ಹೊರಟಳು.

ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಗಿರಣಿಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಡೋಣಿಯಲ್ಲಿಳಿದು ಕೇಳಿದರೆ ಎಲ್ಲರಿಗೂ ಫಕೀರೇಶ ಗೊತ್ತು. ಅವನು ಗಿರಣಿಗಳ ದುರಸ್ತಿ ಶೆಡ್ಡಿನ ಮೇಸ್ತ್ರಿ. ಶೆಡ್ಡಿಗೆ ಹೊಂದಿಕೊಂಡೇ ಮನೆ. ಬಾಗಿಲಲ್ಲಿ ಅವನ ಹೆಂಡತಿ ಸಾವಂತ್ರವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಹೆಸರು ಹೇಳುತ್ತಲೇ ಎದ್ದು ನಿಂತು, ಒಂದು ಕ್ಷಣ ಅವಳನ್ನು ನೋಡಿ, "ಒಳಗ ಬರ್ರಿ ಅಕ್ಕಾರ. ಕರೀತೀನಿ," ಎಂದಳು. ಎಲ್ಲ ಗೊತ್ತಿದ್ದವಳ ನೋಟ ಅದು.

ಫಕೀರೇಶ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, "ಆರಾಮ ಇದ್ದೀರೇನ್ರಿ ಮೇಡಂ?" ಎಂದ.

ನೀಲಗಂಗಾ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಆ 'ಮೇಡಂ'ಗೆ ಬಿಚ್ಚಿಹೋದವು. ಕೊನೆಗೆ ನೇರವಾಗಿ ಹೇಳಿದಳು: "ನೀವು ಕಳಸಿದ್ದು ಆರು ಚಿತ್ರ. ನಾ ತಗದದ್ದು ಒಂದs. ಉಳಿದ ಐದು ನೋಡದs ಸಹಿ ಮಾಡಿದೆ. ಮನ್ಯಾಗ ಅತ್ತಿ ಬಿಟ್ಟರ ಇದನ್ನ ನಾ ಯಾರಿಗೂ ಹೇಳಿಲ್ಲ."

"ನನಗ ಅವತ್ತs ಗೊತ್ತಿತ್ತರಿ. ಯಾರು ಯಾವ ಚಿತ್ರ ತಗದಾರ ಅಂತ ಮಶಿನ್ ಬರದಿಡತಿತ್ತು."

ಚಹಾ ತಂದ ಸಾವಂತ್ರವ್ವ ಕಪ್ಪು-ಬಸಿ ಇಟ್ಟು ಒಳಗೆ ಹೋದಳು. ಹೊರಗೆ ಗಿರಣಿಯೊಂದರ ರೆಕ್ಕೆಯ ನೆರಳು ಅಂಗಳವನ್ನು ದಾಟುತ್ತಿತ್ತು, ಮತ್ತೆ ದಾಟುತ್ತಿತ್ತು.

"ಎರಡನೇ ಸಲ ಬರೂ ಹೊತ್ತಾಗೇತಿ," ಎಂದಳು ನೀಲಗಂಗಾ. "ಜೋಡಿ ಕುಂತು ನೋಡೂಣು, ಬರ್ರಿ ಅಂತ ಕರಿಯಾಕ ಬಂದೇನಿ."

ಅವನು ಕೈಯ ಬಟ್ಟೆಯನ್ನು ಮಡಿಸಿಟ್ಟ. "ನಾ ಕಂಡೇನ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆರು ದಿನಾ ಕಂಡೇನಿ. ಕಾಣದಾಕಿ ನೀವು. ನೀವs ಕಾಯ್ರಿ."

ಹೊರಡುವಾಗ ಸಾವಂತ್ರವ್ವ ಒಂದು ಕಾಗದದ ಮೇಲೆ ಫೋನ್ ನಂಬರು ಬರೆದು ಅವಳ ಚೀಲದೊಳಗೆ ಹಾಕಿದಳು. "ಬಂದ್ರ ಒಂದ ಫೋನ್ ಮಾಡ್ರಿ. ಬಾಯಲೆ ಹಂಗ ಅಂತಾರ," ಎಂದಳು.

ಅದು ಬಂದದ್ದು ಇನ್ನೂರ ಮೂವತ್ತೆಂಟನೆಯ ದಿನ.

ಎರಡು ನಲವತ್ತಕ್ಕೆ ಚಿತ್ರ ಬಿಚ್ಚಿಕೊಂಡಾಗ ನೀಲಗಂಗಾ ಎಂದಿನಂತೆ ಕನ್ನಡಕ ಮೇಲೇರಿಸಿ ಬಾಗಿದಳು. ಮಸುಕು ಚುಕ್ಕೆಯೊಳಗೆ, ನಡುವಿನ ಪಕ್ಕದಲ್ಲೇ, ಸಾಸಿವೆಗಿಂತ ಚಿಕ್ಕದೊಂದು ಬೆಳಕು ಇತ್ತು. ಅವಳು ಕಣ್ಣುಜ್ಜಿಕೊಂಡಳು. ಕುರ್ಚಿಯನ್ನು ಹಿಂದಕ್ಕೆ ಎಳೆದಳು. ಮತ್ತೆ ಬಾಗಿ ನೋಡಿದಳು.

"ಜಾಕೀರ್," ಎಂದಳು. ಎರಡನೆಯ ಸಲ ಕರೆದಾಗ ಅವನು ಓಡಿ ಬಂದ.

"ಇನ್ನೊಂದು ಡಿಟೆಕ್ಟರ್‌ಲೇ ತಗೀರಿ," ಎಂದಳು. "ಆಮ್ಯಾಲೆ ಮತ್ತೊಂದರಲೇ. ನನ್ನ ಮಾತ ನಂಬಬ್ಯಾಡ್ರಿ."

ಜಾಕೀರ್ ಉಳಿದಿದ್ದ ಮೂರು ಡಿಟೆಕ್ಟರ್‌ಗಳಲ್ಲೂ ತೆಗೆಸಿದ. ಮೂರರಲ್ಲೂ ಇತ್ತು. ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೀಲಗಂಗಾ ಚೀಲಕ್ಕೆ ಕೈಹಾಕಿದಳು. ಕಾಗದದ ಚೀಟಿ ಹುಡುಕಿ ಫೋನ್ ಮಾಡಿದಳು.

"ಬಂತು," ಎಂದಳು.

ಆ ಕಡೆಯಿಂದ ಗಾಳಿಯ ಸದ್ದು ಮಾತ್ರ. ಆಮೇಲೆ ಅವನ ದನಿ: "ನಡುವಿನ ಹೊಳಪಿಂದ ಬಲಕ್ಕ, ತುಸು ಕೆಳಗ. ಹೌದಿಲ್ರಿ?"

ಪರದೆಯ ಮೇಲಿದ್ದದ್ದು ಎಡಕ್ಕೆ. "ಇಲ್ರಿ. ಎಡಕ್ಕ ಐತಿ."

ಬೇರೆಯದೇ ಕಿಡಿಯಾದರೆ? ಮರುಕ್ಷಣವೇ ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ತಡೀರಿ, ತಡೀರಿ! ಎರಡನೇ ದಾರೀಲೆ ಬಂದ ಚಿತ್ರಾ ಕನ್ನಡಿ ಒಳಗಿಂದರಂಗ ತಿರುಗಿರತೈತಿ. ನಿಮ್ಮ ಬಲಾ ಅಂದ್ರ ನನ್ನ ಎಡಾ. ಅದs ಜಾಗಾ! ಅದs ಐತಿ!"

"ಹೂಂ," ಎಂದ ಫಕೀರೇಶ. "ನಾಳೆ ಇದರ ಒಂದೂವರೆ ಪಟ್ಟು ಆಗತೈತಿ, ನೋಡ್ರಿ," ಎಂದ.

ಮರುದಿನ ಹಾಗೇ ಆಯಿತು. ಮೂರನೆಯ ದಿನ ಅವಳು ಫೋನ್ ಮಾಡಿದಾಗ, "ಇವತ್ತ ನೀಲಿ ಹೆಚ್ಚಿರಬೇಕು," ಎಂದ. ಹೆಚ್ಚಿತ್ತು. ನಾಲ್ಕನೆಯ ದಿನ, ಐದನೆಯ ದಿನ, ಆಕಾಶದಿಂದ ಇನ್ನೂ ಇಳಿಯದಿದ್ದ ಬೆಳಕು ಹೇಗಿರುತ್ತದೆಂದು ಗುಡ್ಡದ ಮೇಲಿನ ಆ ಮನುಷ್ಯ ನೆನಪಿನಿಂದ ಹೇಳಿದ. ಧಾರವಾಡದಲ್ಲಿ ಕೂತವಳು ಅದನ್ನು ಕಣ್ಣಾರೆ ಕಂಡಳು. ಅವಳು ತೆರೆಯದೇ ಬಿಟ್ಟ ಐದು ಚಿತ್ರಗಳು ಒಂದೊಂದಾಗಿ ಅವಳೆದುರು ತೆರೆದುಕೊಂಡವು. ಪ್ರತಿಯೊಂದನ್ನೂ ಕಣ್ಣು ನೋಯುವಷ್ಟು ಹೊತ್ತು ನೋಡಿದಳು.

ಆರನೆಯ ದಿನ ಹೊಳಪಿನ ಸಂಖ್ಯೆ ಹೇಳಿ ಮುಗಿಸಿದ ಮೇಲೆ ಕೇಳಿದಳು: "ನಾಳೆ ಹೆಂಗಿರತೈತಿ?"

"ಗೊತ್ತಿಲ್ರಿ," ಎಂದ ಫಕೀರೇಶ. "ಆರನೇ ದಿನಾ ಸಂಜಿಕ ಡಿಟೆಕ್ಟರ್ ಆರಿಸಿದರಲ್ಲ. ಏಳನೇ ದಿನಾ ನಾನೂ ನೋಡಿಲ್ಲ."

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕೇಂದ್ರದ ಗೇಟಿನಲ್ಲಿ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನು ನಿಂತಿದ್ದ. ಜಾಕೀರ್ ತಾನೇ ಇಳಿದುಹೋಗಿ ಕರೆತಂದ. ನೀಲಗಂಗಾ ಪಕ್ಕದ ಕುರ್ಚಿ ಸರಿಸಿದಳು. ಅವನು ಕೂತ. ಎರಡು ನಲವತ್ತಾಗಲು ಇನ್ನೂ ಹದಿನೈದು ನಿಮಿಷವಿತ್ತು. ಇಬ್ಬರೂ ಕಪ್ಪು ಪರದೆಯನ್ನೇ ನೋಡುತ್ತ ಕೂತರು. ಅವನ ಉಸಿರಿನ ಸದ್ದು ಅವಳಿಗೆ ಕೇಳುತ್ತಿತ್ತು. ಈ ಮನುಷ್ಯನ ಪಕ್ಕದಲ್ಲಿ ಹೀಗೆ ಕೂತು ಮುದುಕಿಯಾಗಬಹುದಿತ್ತು ಎಂಬ ಯೋಚನೆ ಬಂತು. ಅವಳು ಅದನ್ನು ತಳ್ಳಲಿಲ್ಲ, ಬರಗೊಟ್ಟಳು.

ಚಿತ್ರ ಬಂತು. ಬೆಳಕು ನಿನ್ನೆಯಷ್ಟೇ ಇತ್ತು. ಏರಿರಲಿಲ್ಲ, ಇಳಿದೂ ಇರಲಿಲ್ಲ.

"ನಿಂತೈತಿ," ಎಂದ ಫಕೀರೇಶ, ಪಿಸುಗುಟ್ಟುವ ಹಾಗೆ.

"ಒಂದ ದಿನದ ಮ್ಯಾಲೆ ಹೇಳಾಕಾಗೂದಿಲ್ಲ," ಎಂದಳು ಅವಳೊಳಗಿನ ವಿಜ್ಞಾನಿ.

"ನೀವು ಹೇಳಬ್ಯಾಡ್ರಿ. ನಾ ಹೇಳತೀನಿ. ಅಲ್ಲಿ ನಕ್ಷತ್ರ ಇನ್ನೂ ಹುಟ್ಟತಿದ್ದೂವು."

ಅವನು ಕಣ್ಣು ತುಂಬಿಕೊಂಡು ನಕ್ಕ. ನಾಲ್ಕೂವರೆಯ ಬಸ್ಸಿಗೆ ಹೊರಟುಹೋದ. ಊಟಕ್ಕೆ ಬಾ ಎಂದು ಬಾಳವ್ವ ಹೇಳಿ ಕಳಿಸಿದ್ದಳು. "ಮನ್ಯಾಗ ಆಕಿ ದಾರಿ ಕಾಯತಿರತಾಳ್ರಿ," ಎಂದ.

ಬೆಳಕು ನೂರ ನಲವತ್ತು ದಿನ ಅದೇ ಮಟ್ಟದಲ್ಲಿ ನಿಂತಿತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಗುಂಪಿನ ಗಾಳಿ ತಣ್ಣನ ಒಲಿಯ ಹೊರಮೈಯನ್ನು ಬೋಳಿಸಿದ್ದು ನಿಜ. ನಡುಭಾಗದಲ್ಲಿ ಬಿಗಿಯಾಗಿ ಅಡಗಿದ್ದ ಒಂದು ಹಿಡಿ ಅನಿಲ ಮಾತ್ರ ಉಳಿದುಕೊಂಡು, ಎಲ್ಲರ ಲೆಕ್ಕ ಮೀರಿ ನಕ್ಷತ್ರಗಳನ್ನು ಹೆರುತ್ತಲೇ ಇತ್ತು. ನೀಲಗಂಗಾ ತನ್ನ ಸೂತ್ರವನ್ನು ತಾನೇ ತಿದ್ದಿದಳು. ಸಮಿತಿಗೆ ಪತ್ರ ಬರೆದು, ನೋಡದೆ ಸಹಿ ಮಾಡಿದ್ದನ್ನು ಒಪ್ಪಿಕೊಂಡಳು. ಶೋಧದ ದಾಖಲೆಯಲ್ಲಿ ಫಕೀರೇಶ ಕಮ್ಮಾರ ಎಂಬ ಹೆಸರು, ಇಪ್ಪತ್ತೆರಡು ವರ್ಷ ಹಿಂದಿನ ತಾರೀಖಿನೊಂದಿಗೆ ಸೇರಿತು.

ಅಷ್ಟು ದಿನವೂ ಮೂರು ಗಂಟೆಗೆ ಅವಳು ಡೋಣಿಗೆ ಫೋನ್ ಮಾಡಿದಳು. ಒಂದು ಸಂಖ್ಯೆ ಹೇಳುತ್ತಿದ್ದಳು. ಅವನು "ಬರಕೊಂಡೆ" ಎನ್ನುತ್ತಿದ್ದ. ಕೆಲವು ದಿನ ಅದರ ಹಿಂದೆ ಒಂದೆರಡು ಮಾತು ಬರುತ್ತಿತ್ತು, ಗಾಳಿ ಜೋರು, ಮಗಳಿಗೆ ನೆಗಡಿ, ಇಲ್ಲಿ ಬಾಳವ್ವನ ಮಂಡಿನೋವು. ಕೆಲವು ದಿನ ಏನೂ ಇಲ್ಲ. ಆಮೇಲೆ ಬೆಳಕು ಇಳಿಯತೊಡಗಿತು. ಮೂರು ವಾರ ಸಂಖ್ಯೆಗಳು ಸಣ್ಣವಾಗುತ್ತ ಬಂದವು. ಒಂದು ದಿನ ಚಿತ್ರದಲ್ಲಿ ಮಸುಕು ಚುಕ್ಕೆಯ ಹೊರತು ಏನೂ ಇರಲಿಲ್ಲ.

"ಇವತ್ತ ಏನೂ ಇಲ್ರಿ," ಎಂದಳು.

"ಬರಕೊಂಡೆ," ಎಂದ ಅವನು. ಇಬ್ಬರೂ ಫೋನ್ ಇಡಲು ಸ್ವಲ್ಪ ತಡಮಾಡಿದರು. ಕೊನೆಗೆ ಅವಳೇ ಇಟ್ಟಳು.

ಮರುದಿನದಿಂದ ಚಿತ್ತಾ ಬೇರೆ ಕೆಲಸಕ್ಕೆ ತಿರುಗಿತು. ಮೂರು ಗಂಟೆಗೆ ಅವಳ ಕೈ ತಾನಾಗಿ ಫೋನಿನ ಕಡೆ ಹೋಯಿತು. ಹೇಳಲು ಏನಿದೆ? ಅದನ್ನು ಮಗುಚಿಟ್ಟು, ಕಿಟಕಿಯ ಹತ್ತಿರ ಹೋಗಿ, ಕೆರೆಯ ನೀರು ನೋಡುತ್ತ ನಿಂತಳು. ಅದರ ಮರುದಿನವೂ ಹಾಗೇ ಮಾಡಿದಳು.

ಆ ಸಂಜೆ ಅವಳು ಮನೆ ಮುಟ್ಟುವ ಹೊತ್ತಿಗೆ ಫೋನ್ ಬಂತು. ಸಾವಂತ್ರವ್ವ.

"ಅಕ್ಕಾರ, ಆರಾಮ ಇದ್ದೀರಿಲ್ರಿ?"

"ಅದೀನವ್ವ. ಯಾಕ?"

"ಏನಿಲ್ರಿ." ಸಾವಂತ್ರವ್ವ ದನಿ ತಗ್ಗಿಸಿದಳು. "ನಿನ್ನೆನೂ, ಇವತ್ತೂ ಮೂರ ಗಂಟೇಕ ಇವರು ಬರಕೊಳ್ಳೂ ವಹಿ ತಗೊಂಡು ಬಾಗಲದಾಗ ಕುಂತಿದ್ದರು. ನಾಕ ಹೊಡದರೂ ಏಳಲಿಲ್ಲ. ಅದಕ್ಕ ನಿಮಗೇನರ ಆರಾಮಿಲ್ಲೇನೋ ಅಂತ ಕೇಳಿದೆ."

ನೀಲಗಂಗಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಬಾಳವ್ವ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಆರಾಮ ಅದೀನಿ," ಎಂದಳು. "ಬೆಳಕು ಮುಗೀತು, ಇನ್ನ ಕುಂದರಬ್ಯಾಡ್ರಿ ಅಂತ ಹೇಳವ್ವ."

ಫೋನಿನ ಆ ತುದಿಯಲ್ಲಿ ಗುಡ್ಡದ ಗಾಳಿ ಬೀಸುತ್ತಿತ್ತು.

"ಹೇಳತೀನ್ರಿ ಅಕ್ಕಾರ," ಎಂದಳು ಅವಳು. "ಹೇಳಿದ್ರ ಕೇಳತಾರೇನು?"